ಆರು ಇಂಚಿನ ಪರದೆಯಲ್ಲಿ ಹಳೆಯ ಕನ್ನಡ ಪುಸ್ತಕ: ನನ್ನ ಅನುಭವ

ಸ್ಕ್ಯಾನ್ ಮಾಡಿದ ಕನ್ನಡ ಪಿಡಿಎಫ್ ಓದುವುದಕ್ಕೆ 6 ಇಂಚಿನ ಇ-ಇಂಕ್ (ಕಾಗದದಂತೆ ಕಾಣುವ ಕಪ್ಪು-ಬಿಳುಪು ಪರದೆ) ಸಾಲದು, ಟ್ಯಾಬ್ಲೆಟ್ಟೇ ಗತಿ ಎಂದು ಗೆಳೆಯರೆಲ್ಲ ಹೇಳಿದ್ದರು. ಕಳೆದ ಮಳೆಗಾಲದಿಂದ ಈಚೆಗೆ ಅದೇ ಪರದೆಯಲ್ಲಿ ನಲವತ್ತರ ಹತ್ತಿರ ಹಳೆಯ ಪುಸ್ತಕಗಳನ್ನು ಓದಿ ಮುಗಿಸಿದ್ದೇನೆ.

ಮೊದಲು ಅವರ ಮಾತು ಕೇಳಿ ಸುಮಾರು 14,000 ರೂಪಾಯಿ ಕೊಟ್ಟು 10 ಇಂಚಿನ ಟ್ಯಾಬ್ಲೆಟ್ ತಂದೆ. ಅಕ್ಷರವೇನೋ ಸ್ಪಷ್ಟ. ಆದರೆ ರಾತ್ರಿ ಮೂವತ್ತು ಪುಟ ದಾಟುವಷ್ಟರಲ್ಲಿ ಕಣ್ಣು ಉರಿ. ಅರ್ಧ ಕಿಲೋ ಭಾರ ಹಿಡಿದು ಮಣಿಕಟ್ಟು ನೋವು. ಆಮೇಲೆ 6,000ಕ್ಕೆ ಯಾರೋ ಬಳಸಿದ ಇ-ಇಂಕ್ ಪರದೆಯ ಇ-ರೀಡರ್ ಕೊಂಡು, ಅದರಲ್ಲಿ ಕೆಓರೀಡರ್ ಎಂಬ ಉಚಿತ ಓದುವ ತಂತ್ರಾಂಶ ಹಾಕಿಕೊಂಡೆ.

ಸೋತದ್ದು ರೀಫ್ಲೋನಲ್ಲಿ, ಎಂದರೆ ಸಾಲುಗಳನ್ನು ಪರದೆಯ ಅಗಲಕ್ಕೆ ತಕ್ಕಂತೆ ಮುರಿದು ಜೋಡಿಸುವುದರಲ್ಲಿ. ಪುಟವನ್ನು ಚಿತ್ರವೆಂದೇ ತಿಳಿದು ಸಾಲು ಬಿಡಿಸುವ ತಂತ್ರಾಂಶ ಇಂಗ್ಲಿಷಿಗೆ ಸೊಗಸಾಗಿ ಹೊಂದುತ್ತದೆ. ಕನ್ನಡಕ್ಕೆ ಬಂದರೆ ಒತ್ತಕ್ಷರಗಳನ್ನೇ ಬೇರೊಂದು ಸಾಲೆಂದು ಕತ್ತರಿಸಿಬಿಟ್ಟಿತು. ‘ಅಕ್ಕ’ ಹೋಗಿ ‘ಅಕ’ ಆಯಿತು, ಉಳಿದ ಒತ್ತು ಮುಂದಿನ ಸಾಲಿನ ನೆತ್ತಿಯ ಮೇಲೆ ಕೂತಿತು. ಹದಿನೈದು ದಿನ ಸಾಲಿನ ಅಂತರ ಹೆಚ್ಚುಕಡಿಮೆ ಮಾಡಿ ನೋಡಿದೆ, ದಕ್ಕಲಿಲ್ಲ. ನಡುವೆ ಒಸಿಆರ್ ಮಾಡಿ (ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಿ) ಇಪಬ್ ಎಂಬ ಇ-ಪುಸ್ತಕ ಕಟ್ಟುವ ಪ್ರಯೋಗವೂ ಆಯಿತು. ಹೊಸ ಮುದ್ರಣಕ್ಕೆ ಅಡ್ಡಿಯಿಲ್ಲ. ಮೊಳೆ ಸವೆದ ಹಳೆಯ ಅಚ್ಚಿನಲ್ಲಿ ಪುಟಕ್ಕೆ ಇಪ್ಪತ್ತು ತಪ್ಪು. ತಿದ್ದುತ್ತ ಕೂತರೆ ಓದುವುದು ಯಾವಾಗ?

ಕೊನೆಗೆ ಅಳತೆಪಟ್ಟಿ ಹಿಡಿದೆ. ಕ್ರೌನ್ 1/8 ಎಂಬ ಚಿಕ್ಕ ಅಳತೆಯ ಪುಸ್ತಕದ ಅಗಲ ಸುಮಾರು 12 ಸೆಂ.ಮೀ.; ಅಂಚು ಕಳೆದರೆ ಸಾಲಿನ ಉದ್ದ 9. ಅಡ್ಡ ತಿರುಗಿಸಿದ ರೀಡರಿನ ಪರದೆಯೂ 12! ಅಂಚು ಕತ್ತರಿಸಿ ಅಡ್ಡ ಹಿಡಿದರೆ ಅಕ್ಷರ ಮೂಲ ಪುಸ್ತಕಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಒಂದು ಪುಟಕ್ಕೆ ಮೂರು ಸಲ ಬೆರಳು ಒತ್ತಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಅಳತೆಯ ಡೆಮಿ 1/8 ಆದರೆ ಅಕ್ಷರ ಅಚ್ಚಿನದಕ್ಕಿಂತ ತುಸುವೇ ದೊಡ್ಡದು. ಸಮ, ಬೆಸ ಪುಟಗಳ ಅಂಚು ಬೇರೆ ಬೇರೆ ಇರುತ್ತದೆ. ಎರಡನ್ನೂ ಒಂದೇ ಅಳತೆಯಲ್ಲಿ ಕತ್ತರಿಸಿದರೆ ಸಾಲಿನ ಕೊನೆಯ ಅಕ್ಷರ ಹೋಗುತ್ತದೆ. ಹಳದಿಯಾದ ಕಾಗದ 16 ಬೂದು ಛಾಯೆಗಳ ಪರದೆಯಲ್ಲಿ ಮಸಿ ಮೆತ್ತಿದಂತೆ ಕಾಣುವುದರಿಂದ ಮೊದಲೇ ಹಿನ್ನೆಲೆಯನ್ನು ಬೆಳ್ಳಗೆ ಮಾಡಿಕೊಳ್ಳುತ್ತೇನೆ. ಒತ್ತಕ್ಷರ ಮಾಸದ ಹಾಗೆ ಅದನ್ನು ಮಾಡುವ ಹದ ಸದ್ಯಕ್ಕೆ ನನ್ನಲ್ಲೇ ಇರಲಿ.

ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿಗೆ ಮಾತ್ರ ಇದು ಒಗ್ಗುವುದಿಲ್ಲ. 1894ರ ಆ ಗ್ರಂಥದಲ್ಲಿ ಸುಮಾರು 70,000 ಪದಗಳು. ಹುಡುಕಾಟದಲ್ಲಿ ಹತ್ತಾರು ಪುಟ ಹಾರಬೇಕು, ಇ-ಇಂಕ್ ಪ್ರತಿ ಹಾರಿಕೆಗೂ ಮಿನುಗಿ ತಡೆಯುತ್ತದೆ. ಆ ನಿಘಂಟಿಗೂ ಮಗಳ ಬಣ್ಣದ ಚಿತ್ರಪುಸ್ತಕಗಳಿಗೂ ಟ್ಯಾಬ್ಲೆಟ್ಟೇ ಸರಿ.

ಟ್ಯಾಬ್ಲೆಟ್ಟೇ ಗತಿ ಎಂದಿದ್ದ ಗೆಳೆಯರೊಬ್ಬರು ಮೊನ್ನೆ ಮನೆಗೆ ಬಂದವರು ಒಂದು ಅಧ್ಯಾಯ ಪೂರ್ತಿ ಓದಿಯೇ ಎದ್ದರು. ಮರುದಿನ ತಮ್ಮ ಮೂಲೆಗೆ ಬಿದ್ದಿದ್ದ ರೀಡರನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಇಪ್ಪತ್ತು ಪುಸ್ತಕ ಹೀಗೆಯೇ ಕತ್ತರಿಸಿ ತುಂಬಿಕೊಡಬೇಕಂತೆ.