ಬೆಂಗಳೂರು ಸುತ್ತಬೇಕಾ? ಒಂದು ಬ್ಲೌಸ್ ಪೀಸ್ ಹಿಡಿದು ಹೊರಡಿ

ನಾನು ಮಲ್ಲೇಶ್ವರದಲ್ಲಿ ಬ್ಲೌಸ್ ಹೊಲಿಯುವವಳು. ಊರು ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದವರಿಗೆಲ್ಲ ಹೇಳುವುದು ಒಂದೇ: ಏನಾದರೂ ಕೊಳ್ಳುವ ಕೆಲಸ ಇಟ್ಟುಕೊಂಡು ಹೋಗಿ. ಸುಮ್ನೆ ಫೋಟೋ ತೆಗೆಯುತ್ತಾ ನಿಂತವರ ಹತ್ತಿರ ಯಾರು ಮಾತಾಡುತ್ತಾರೆ? ಲೈನಿಂಗ್ ಎಲ್ಲಿ ಸಿಗುತ್ತೆ ಅಂತ ಕೇಳಿ, ನಾಲ್ಕು ಜನ ದಾರಿ ಹೇಳುತ್ತಾರೆ.

ಮೊದಲು ಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದ್ದು ಇಲ್ಲೇ. ಭಾನುವಾರ ಬೇಡ, ಮುಚ್ಚಿರುವ ಅಂಗಡಿಗಳೇ ಜಾಸ್ತಿ. ಬೆಳಿಗ್ಗೆ ಬೇಗ ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಬಂದು ಹೂವಿನ ವ್ಯಾಪಾರ ನೋಡಿ. ತಿಂಡಿ ಮುಗಿಸಿ, ಬಟ್ಟೆ ಅಂಗಡಿ ತೆರೆಯುವ ಹೊತ್ತಿಗೆ ಅವೆನ್ಯೂ ರಸ್ತೆಯಲ್ಲಿ ಚಿಕ್ಕಪೇಟೆ ಕಡೆ ನಡೆಯಿರಿ.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಬಣ್ಣ ಒಪ್ಪಬೇಡಿ. ಬಟ್ಟೆಯನ್ನು ಮೆಟ್ಟಿಲಿಗೆ ತಂದು ಬಿಸಿಲಿಗೆ ಹಿಡಿಯಿರಿ. ಒಳಗೆ ಮೆರೂನ್ ಅನ್ನಿಸಿದ್ದು ಹೊರಗೆ ಬದನೆಕಾಯಿ ಬಣ್ಣ! ಕಿವಿಯೂ ತೆರೆದಿರಲಿ. ನಾನು ಹೋಗುವ ಅಂಗಡಿಯ ಮಾರ್ವಾಡಿ ಯಜಮಾನರು ನನಗೆ ಕನ್ನಡದಲ್ಲಿ ರೇಟು ಹೇಳಿ, ಪಕ್ಕದವರ ಚೌಕಾಸಿಗೆ ತಮಿಳಿನಲ್ಲಿ ಉತ್ತರ ಕೊಟ್ಟು, ಹುಡುಗನನ್ನು ಹಿಂದಿಯಲ್ಲಿ ಗದರುತ್ತಾರೆ. ಅಷ್ಟರಲ್ಲಿ ಮೂರು ಮೀಟರ್ ಅಳೆದು ಕತ್ತರಿಸಿಯೂ ಆಗಿರುತ್ತದೆ.

ಪಕ್ಕದ ಬಳೇಪೇಟೆಯಲ್ಲಿ ವೀಣೆ, ತಬಲಾ ಅಂಗಡಿಗಳಿವೆ. ಚೈತ್ರ ಹುಣ್ಣಿಮೆಯಾದರೆ ರಾತ್ರಿ ಬನ್ನಿ. ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ತಿಗಳ ಸಮುದಾಯದವರ ಕರಗದ ಮೆರವಣಿಗೆ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ.

ದಂಡು ಪ್ರದೇಶ, ಅಂದರೆ ಬ್ರಿಟಿಷರ ಕಾಲದ ಕಂಟೋನ್ಮೆಂಟ್, ಇನ್ನೊಂದು ದಿನಕ್ಕಿರಲಿ. ಎರಡನ್ನೂ ಒಂದೇ ದಿನ ಮುಗಿಸುತ್ತೇನೆ ಅಂದರೆ ಕಾಲು ನೋವಷ್ಟೇ ಲಾಭ. ಶಿವಾಜಿನಗರ ಬಸ್ ಸ್ಟ್ಯಾಂಡ್‌ನಿಂದ ಸೇಂಟ್ ಮೇರೀಸ್ ಬೆಸಿಲಿಕಾ ಹತ್ತಿರ. ಅಲ್ಲಿ ಮೇರಿ ಮಾತೆ ಸೀರೆ ಉಟ್ಟಿದ್ದಾಳೆ. ನನ್ನ ಕಣ್ಣು ಮೊದಲು ಹೋಗುವುದು ನೆರಿಗೆ ಕಡೆಗೆ, ಕಸುಬಿನ ಚಾಳಿ ಅಲ್ವಾ! ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಉಟ್ಟು ಬರುವವರು ತುಂಬ. ಆಮೇಲೆ 1927ರ ರಸೆಲ್ ಮಾರ್ಕೆಟ್ ಒಂದು ಸುತ್ತು ಹಾಕಿ. ಇಲ್ಲಿ ಕಿವಿಗೆ ಬೀಳುವುದು ದಖನಿ ಉರ್ದು, ತಮಿಳು. ಕನ್ನಡದಲ್ಲೇ ಕೇಳಿ, ಹಣ್ಣಿನವರು ಕನ್ನಡದಲ್ಲೇ ಹೇಳುತ್ತಾರೆ.

1898ರ ಪ್ಲೇಗಿನ ನಂತರ ಬೆಳೆದ ನಮ್ಮ ಮಲ್ಲೇಶ್ವರ, ಬಸವನಗುಡಿಗೆ ಸಂಜೆ ಸಾಕು. ಬಸವನಗುಡಿಯನ್ನು ಕಾರ್ತಿಕದ ಕೊನೆ ಸೋಮವಾರ, ಕಡಲೆಕಾಯಿ ಪರಿಷೆಗೆ ನೋಡಿದರೆ ಇನ್ನೂ ಚೆನ್ನ. ಕಾರು ಮಾತ್ರ ತರಬೇಡಿ. ನೀವು ಪಾರ್ಕಿಂಗ್ ಹುಡುಕುವಷ್ಟರಲ್ಲಿ ಬೇರೆಯವರು ಎರಡು ಸೇರು ಕಡಲೆಕಾಯಿ ಮುಗಿಸಿರುತ್ತಾರೆ.