ಮೂರು ವರ್ಷದವರ ಕ್ಲಾಸಿನಲ್ಲಿ ಪಾರ್ಸ್ಲಿ ಬೆಳೆದದ್ದು

ನ್ಯೂಜೆರ್ಸಿಯಲ್ಲಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದಕ್ಕೆ ಸೇರಿದ ಪ್ರೀಸ್ಕೂಲಿನಲ್ಲಿ ನಾನು ಮೂರು ವರ್ಷದ ಮಕ್ಕಳ ಟೀಚರ್. ಮಕ್ಕಳು 'ಮೋರಾ' ಅಂತ ಕರೆಯುತ್ತಾರೆ, ಹೀಬ್ರೂವಿನಲ್ಲಿ ಟೀಚರ್ ಎಂದರ್ಥ. ನಾನು ಯಹೂದಿ ಅಲ್ಲ, ಶಿವಮೊಗ್ಗ ಕಡೆಯವಳು. ಅಲ್ಲಿ ನೀನೇನು ಕಲಿಸುತ್ತೀಯ ಎಂದು ಊರಲ್ಲೂ ಕೇಳುತ್ತಾರೆ, ಇಲ್ಲಿನ ಗೆಳತಿಯರೂ ಕೇಳುತ್ತಾರೆ. ಪ್ರಾರ್ಥನೆ, ಹೀಬ್ರೂ ಹಾಡು ಹೇಳಿಕೊಡಲು ಬೇರೆಯವರಿದ್ದಾರೆ. ಮಕ್ಕಳಿಗೆ ಪ್ರಶ್ನೆ ಹುಟ್ಟುವ ಹಾಗೆ ದಿನವನ್ನು ಅಣಿಮಾಡುವುದು, ಪ್ರಶ್ನೆ ಬಂದ ಮೇಲೆ ಅವಸರದಲ್ಲಿ ಉತ್ತರ ಕೊಡದೆ ಇರುವುದು ನನ್ನ ಕೆಲಸ. ಎರಡನೆಯದೇ ಕಷ್ಟ.

ಶುಕ್ರವಾರ ಬೆಳಗ್ಗೆ ಹಲ್ಲಾ ಬ್ರೆಡ್ಡಿಗೆ ಹಿಟ್ಟು ನಾದುತ್ತೇವೆ. ಅದನ್ನು ಮೂರು ಎಳೆ ಮಾಡಿ ಜಡೆ ಹೆಣೆಯಬೇಕು. ಮೂರು ವರ್ಷದ ಬೆರಳಿಗೆ ಇದು ಸುಲಭವಲ್ಲ. ಅದಕ್ಕೇ ವಾರದ ನಡುವೆ ಮೂರು ಬಣ್ಣದ ಬಟ್ಟೆಪಟ್ಟಿಗಳನ್ನು ಕುರ್ಚಿಗೆ ಕಟ್ಟಿ ಆಡಲು ಬಿಡುತ್ತೇನೆ. ಬಲಗಡೆಯದು ನಡುವೆ, ಎಡಗಡೆಯದು ನಡುವೆ ಅಂತ ಅವರೇ ಹಾಡು ಕಟ್ಟಿಕೊಂಡು ಹೆಣೆಯುತ್ತಾರೆ.

ಆಮೇಲೆ ಶಬ್ಬಾತ್ ಮೇಜು, ಶುಕ್ರವಾರ ಸಂಜೆ ಶುರುವಾಗುವ ಯಹೂದಿಗಳ ವಾರದ ವಿಶ್ರಾಂತಿ ದಿನಕ್ಕಾಗಿ: ಮೇಣದಬತ್ತಿ, ದ್ರಾಕ್ಷಿ ರಸ, ಬಟ್ಟೆ ಹೊದಿಸಿದ ಹಲ್ಲಾ. ಮೊದಲು ದ್ರಾಕ್ಷಿ ರಸದ ಮಂತ್ರ, ನಂತರ ಬ್ರೆಡ್ಡಿನದು. ತನಗಿಂತ ಮೊದಲು ಇನ್ನೊಂದಕ್ಕೆ ಮರ್ಯಾದೆ ಸಿಕ್ಕಿತಲ್ಲ ಎಂದು ಬ್ರೆಡ್ಡಿಗೆ ಬೇಜಾರಾಗಬಾರದು, ಅದಕ್ಕೇ ಮುಸುಕು ಎಂದು ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಒಂದು ಶುಕ್ರವಾರ ಒಬ್ಬ ಹುಡುಗ "ಬ್ರೆಡ್ಡಿಗೆ ಬೇಜಾರಾಗತ್ತಾ?" ಅಂದ. "ನಿನಗೇನನ್ನಿಸುತ್ತೆ?" ಎಂದು ಕೇಳಿ ನಾನು ಸುಮ್ಮನಾದೆ. "ಅದಕ್ಕೆ ಕಣ್ಣೇ ಇಲ್ಲ, ಮುಸುಕು ಯಾಕೆ?" ಎಂದಳು ಪಕ್ಕದವಳು. "ಕಿವಿನೂ ಇಲ್ಲ" ಎಂದ ಇನ್ನೊಬ್ಬ. ಮತ್ತೊಬ್ಬಳು ಬಹಳ ಹೊತ್ತು ಯೋಚಿಸಿ, ಅಜ್ಜಿ ಬಂದಾಗ ಮೊದಲು ತಮ್ಮನನ್ನೇ ಎತ್ತಿಕೊಂಡರು ಅಂದಳು. ಬ್ರೆಡ್ಡಿನ ಮಾತು ಹೋಗಬೇಕಾದ ಕಡೆಗೇ ಹೋಯಿತು. ಅದು ಬರೀ ಕಥೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದರೆ ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

ಹೀಗೆ ಸುಮ್ಮನಿರಲು ನನಗೆ ಧೈರ್ಯ ಕೊಟ್ಟವರು ಯಾನುಶ್ ಕೊರ್ಚಾಕ್. ಪೋಲೆಂಡಿನ ಯಹೂದಿ ವೈದ್ಯರು, 1912ರಿಂದ ವಾರ್ಸಾದಲ್ಲಿ ಅನಾಥಾಶ್ರಮ ನಡೆಸಿದವರು. ಅಲ್ಲಿ ಮಕ್ಕಳದೇ ನ್ಯಾಯಾಲಯ ಇತ್ತು, ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಕೊರ್ಚಾಕ್ ತಾವೇ ಅದರ ಮುಂದೆ ನಿಂತಿದ್ದರು. 1942ರ ಆಗಸ್ಟಿನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರೂ ಜೊತೆಗೇ ಹೋದರು, ತಿರುಗಿ ಬರಲಿಲ್ಲ. ಮಗುವಿನ ಮಾತಿಗೆ ಅಷ್ಟು ಬೆಲೆ ಕೊಟ್ಟವರ ಮುಂದೆ, ಮೂರು ವರ್ಷದವರ ಒಂದು ಪ್ರಶ್ನೆಗೆ ಎರಡು ನಿಮಿಷ ಕಾಯುವುದು ನನಗೆ ದೊಡ್ಡದು ಅನ್ನಿಸುವುದಿಲ್ಲ.

ಪಾಸೋವರ್ ಹಬ್ಬದ ರಾತ್ರಿಯ ಸೇಡರ್ ಊಟದಲ್ಲಿ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಹೇಳುತ್ತಾರೆ. ಅದಕ್ಕೆ ಮೊದಲು ಮನೆಯ ಕಿರಿಯ ಮಗು, ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಎಂದು ಹಾಡಿ ಕೇಳಬೇಕು. ಹಾಡನ್ನು ಬಾಯಿಪಾಠ ಮಾಡಿಸುವುದು ಸುಲಭ. ನಿಜವಾಗಿ ಕೇಳಬೇಕು ಅನ್ನಿಸುವಂತೆ ಮಾಡಲು ನಾನು ಎರಡು ತಿಂಗಳು ಮೊದಲೇ ಪಾರ್ಸ್ಲಿ ಬಿತ್ತಿಸುತ್ತೇನೆ. ತು ಬಿಶ್ವಾತ್ ಯಹೂದಿಗಳ ಮರಗಳ ಹಬ್ಬ. ಆ ದಿನ ಬಿತ್ತಿದ ಪಾರ್ಸ್ಲಿಯನ್ನು ಸೇಡರ್‌ನಲ್ಲಿ ಉಪ್ಪುನೀರಿಗೆ ಅದ್ದಿ ತಿನ್ನುವುದು ಇಲ್ಲಿನ ಅನೇಕ ಪ್ರೀಸ್ಕೂಲುಗಳಲ್ಲಿ ರೂಢಿ. ನೋಡಲು ನಮ್ಮ ಕೊತ್ತಂಬರಿ ಸೊಪ್ಪಿನ ಹಾಗೇ.

ಪಾರ್ಸ್ಲಿ ಬೀಜ ಬಲು ಸೋಮಾರಿ, ಮೊಳಕೆ ಬರಲು ಮೂರು ವಾರವೂ ಹಿಡಿಯಬಹುದು. ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಕಾಲು ಇಂಚು ಆಳಕ್ಕೆ ಹಾಕಿ ಮಣ್ಣು ಒಣಗದಂತೆ ನೋಡಿಕೊಳ್ಳುತ್ತೇವೆ. ಮೊದಲ ವಾರ ಎಲ್ಲರಿಗೂ ಅಗೆದು ನೋಡುವ ಆಸೆ. ಬೇಡ ಅನ್ನುವುದಿಲ್ಲ, ಅಗೆಯಲಿಕ್ಕೆಂದೇ ಒಂದು ಕುಂಡ ಬೇರೆ ಇಟ್ಟಿದ್ದೇನೆ. ಒದ್ದೆ ಕಾಗದದಲ್ಲಿ ಸುತ್ತಿದ ನಾಲ್ಕು ಬೀಜ ಪ್ಲಾಸ್ಟಿಕ್ ಚೀಲದಲ್ಲಿ ಕಿಟಕಿಗೆ ಅಂಟಿಸಿರುತ್ತೇನೆ, ಬೇರು ಬರುವುದು ಅಲ್ಲಿ ಕಾಣುತ್ತದೆ. ವಾರಕ್ಕೊಮ್ಮೆ ಪ್ರತಿ ಮಗುವೂ ಕುಂಡದ ಚಿತ್ರ ಬರೆಯುತ್ತದೆ. ಮೊದಲಿನ ಹಾಳೆಗಳಲ್ಲಿ ಬರೀ ಕಂದು ಬಣ್ಣ. ಆ ಹಾಳೆಗಳನ್ನೂ, ಅವರು ಆಡಿದ ಮಾತುಗಳನ್ನೂ ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಗೆ ಹಚ್ಚುತ್ತೇನೆ. ಹೀಗೆ ದಾಖಲಿಸುವುದನ್ನು ನಾವು ಕಲಿತದ್ದು ಇಟಲಿಯ ರೆಜಿಯೊ ಎಮಿಲಿಯಾ ಶಾಲೆಗಳಿಂದ. "ಬೀಜ ನಿದ್ದೆ ಮಾಡ್ತಿದೆ" ಎಂದು ಬರೆಸಿದವನು, ಹಸಿರು ಕಂಡ ದಿನ ತನ್ನ ಹಾಳೆಯ ಹತ್ತಿರ ಓಡಿಹೋಗಿ "ಎದ್ದಿದೆ ಅಂತ ಬರಿ" ಅಂದ.

ಹಬ್ಬಕ್ಕೆ ಮುಂಚೆ ಮಾತ್ಸಾ, ಅಂದರೆ ಪಾಸೋವರ್‌ನಲ್ಲಿ ತಿನ್ನುವ ಹುಳಿ ಬರಿಸದ ತೆಳು ರೊಟ್ಟಿ, ಮಾಡುವ ಆಟ ಇದೆ. ಹಿಟ್ಟಿಗೆ ನೀರು ಬಿದ್ದಲ್ಲಿಂದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು, ಇಲ್ಲದಿದ್ದರೆ ಹುಳಿ ಹಿಡಿದಂತೆ ಲೆಕ್ಕ. ಟೈಮರ್ ಇಟ್ಟು ನಾದು, ಲಟ್ಟಿಸು, ಫೋರ್ಕಿನಿಂದ ಚುಚ್ಚು, ಓಡು! ಲಟ್ಟಣಿಗೆ ಹಿಡಿಯುವುದನ್ನು ನಾನೇ ತೋರಿಸುತ್ತೇನೆ, ಮನೆಯಲ್ಲಿ ಚಪಾತಿ ಲಟ್ಟಿಸಿದ ಕೈ. ಇದು ಪಾಠಕ್ಕೆ ಮಾತ್ರ, ಹಬ್ಬದ ಮಾತ್ಸಾವನ್ನು ಮನೆಯವರು ಬೇರೆಯೇ ತರುತ್ತಾರೆ. ನಮ್ಮ ಅಡುಗೆಮನೆಗೆ ಮಾಂಸ ತರುವುದಿಲ್ಲ. ಹಾಗಾಗಿ ಸೇಡರ್ ಊಟದ ಸಾಂಕೇತಿಕ ತಿನಿಸುಗಳ ತಟ್ಟೆಯಲ್ಲಿ ವಾಡಿಕೆಯ ಮೂಳೆಯ ಬದಲು ಬೀಟ್‌ರೂಟ್ ಇಡುತ್ತೇವೆ.

ಶಾಲೆಯ ಸೇಡರ್ ದಿನ ಉಪ್ಪುನೀರಿನ ಬಟ್ಟಲು ಸುತ್ತು ಬರುತ್ತದೆ. ತಾವೇ ಬೆಳೆಸಿದ ಎಲೆಯನ್ನು ಉಪ್ಪುನೀರಿಗೆ ಅದ್ದಿ ಅಂದಾಗ ಯಾರೂ ಹೇಳಿಕೊಡದೆ 'ಯಾಕೆ' ಬರುತ್ತದೆ. ಗುಲಾಮರಾಗಿದ್ದವರ ಕಣ್ಣೀರಿನ ಗುರುತು ಎಂದು ಆಗ ಹೇಳುತ್ತೇನೆ. ಈ ಒಂದು ಉತ್ತರವನ್ನು ತಡಮಾಡದೆ ಕೊಡುತ್ತೇನೆ, ಯಾಕೆಂದರೆ ಅದು ಅವರ ಮನೆಯವರು ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು.

ಇದನ್ನು ಮಾಡಿನೋಡಬೇಕೆನ್ನುವ ಟೀಚರುಗಳಿಗೆ ಒಂದು ಲೆಕ್ಕ. ತು ಬಿಶ್ವಾತ್, ಪಾಸೋವರ್ ಎರಡೂ ಹುಣ್ಣಿಮೆಯ ಆಸುಪಾಸು ಬರುತ್ತವೆ. ನಮ್ಮ ಪಂಚಾಂಗದಂತೆ ಯಹೂದಿ ಪಂಚಾಂಗದಲ್ಲೂ ಅಧಿಕ ಮಾಸವಿದೆ, 19 ವರ್ಷಕ್ಕೆ 7 ಸಲ, ಅದು ಈ ಎರಡು ಹಬ್ಬಗಳ ನಡುವೆಯೇ ಸೇರುತ್ತದೆ. ಅಧಿಕ ಮಾಸವಿದ್ದ 2024ರಲ್ಲಿ ಜನವರಿ 25ಕ್ಕೆ ಬಿತ್ತಿದ್ದೆವು, ಸೇಡರ್ ಏಪ್ರಿಲ್ 22ರ ರಾತ್ರಿ. ಸೊಪ್ಪು ಕಂತೆಗಟ್ಟಲೆ ಬಂತು. 2025ರಲ್ಲಿ ಫೆಬ್ರವರಿ 13ರಿಂದ ಏಪ್ರಿಲ್ 12ಕ್ಕೆ ಎರಡೇ ತಿಂಗಳು, ತಲೆಗೊಂದು ಎಸಳು ಸಿಕ್ಕಿತು. ಅಧಿಕ ಮಾಸವಿಲ್ಲದ ವರ್ಷ ಅಂಗಡಿಯಿಂದ ಒಂದು ಕಟ್ಟು ತಂದಿಟ್ಟುಕೊಳ್ಳಿ. 2027ರಲ್ಲಿ ಮತ್ತೆ ಅಧಿಕ ಮಾಸ. ಆ ವರ್ಷ ತು ಬಿಶ್ವಾತ್ ಜನವರಿ 23ರ ಶನಿವಾರ, ಶಬ್ಬಾತ್ ದಿನ, ಶಾಲೆ ಇರುವುದಿಲ್ಲ. ಬೀಜವನ್ನು ಗುರುವಾರ ರಾತ್ರಿಯೇ ನೆನೆಹಾಕಿ ಶುಕ್ರವಾರ ಬೆಳಗ್ಗೆ, ಹಲ್ಲಾ ಹಿಟ್ಟಿಗೆ ಕೈ ಹಾಕುವ ಮೊದಲು, ಬಿತ್ತಬೇಕು.