ಹ್ಯಾವ್‌ಲಾಕ್‌ಗೆ ಹೋಗೋರು ಮೊದಲು ನೀರಿನ ಟೈಮ್ ನೋಡ್ಕೊಳ್ಳಿ

ಮೊದಲನೇ ಸಲ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋದಾಗ ನಾವು ಬೆಂಗಳೂರಿನ ಭಾನುವಾರದ ಥರ ಎದ್ವಿ, ಅದೇ ತಪ್ಪಾಗಿದ್ದು. ಒಂಬತ್ತಕ್ಕೆ ಎದ್ದು, ಬಫೆ ಮುಚ್ಚೋಕೆ ಹತ್ತು ನಿಮಿಷ ಇದೆ ಅನ್ನೋವಾಗ ಓಡಿ ಹೋಗಿ ಪೂರಿ ತಿಂದು, ಕೊಟ್ಟ ದುಡ್ಡು ವಸೂಲಾಗ್ಬೇಕಲ್ಲ ಅಂತ ಇನ್ನೆರಡು ತಿಂದು, ರೂಮಿಗೆ ಬಂದು ಒರಗಿ, ಹನ್ನೊಂದೂವರೆಗೆ ಟವೆಲ್ ಹೆಗಲಿಗೆ ಹಾಕ್ಕೊಂಡು ಬೀಚಿಗೆ ಹೋದ್ರೆ ಸಮುದ್ರಾನೇ ಇಲ್ಲ! ನಿಜವಾಗ್ಲೂ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆ ಥರ ಕಾಣ್ತಿತ್ತು, ನಮ್ಮ ಮುಂದೆ ಬರೀ ಕಲ್ಲು, ಪಾಚಿ, ಏಡಿ. ಹೋಗ್ಲಿ ಸಾಯಂಕಾಲ ಸನ್‌ಸೆಟ್ ಆದ್ರೂ ನೋಡೋಣ ಅಂತ ಐದೂಕಾಲಿಗೆ ಆಟೋ ಹತ್ತಿದ್ರೆ ದಾರೀಲೇ ಕತ್ತಲಾಯ್ತು. ಡಿಸೆಂಬರ್ ತಿಂಗಳು ಅದು. ಮಗಳು ಕೇಳಿದ್ಲು, ಅಮ್ಮಾ ಇಲ್ಲಿ ಸೂರ್ಯ ಬೇಗ ಮಲ್ಕೊಳ್ತಾನಾ ಅಂತ.

ಹೌದು, ಬೇಗ ಮಲ್ಕೊಳ್ತಾನೆ, ಬೇಗ ಏಳ್ತಾನೆ ಕೂಡ. ಅಂಡಮಾನ್ ನಮ್ಮಿಂದ ಪೂರ್ವಕ್ಕೆ ಅಷ್ಟು ದೂರ ಇದ್ರೂ ಗಡಿಯಾರ ಮಾತ್ರ ನಮ್ಮದೇ. ಬೆಂಗಳೂರು ಸುಮಾರು 77.6 ಡಿಗ್ರಿ ರೇಖಾಂಶದಲ್ಲಿದೆ, ಹ್ಯಾವ್‌ಲಾಕ್ 93ರ ಹತ್ರ, ಒಂದೊಂದು ಡಿಗ್ರಿಗೆ 4 ನಿಮಿಷ ಲೆಕ್ಕ ಹಾಕಿ, ಹೆಚ್ಚುಕಡಿಮೆ ಒಂದು ಗಂಟೆ ವ್ಯತ್ಯಾಸ ಬರತ್ತೆ. ಡಿಸೆಂಬರ್ ಶುರುವಲ್ಲಿ ಅಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗ್ತಾನೆ, ಬೇಸಿಗೇಲಿ ಬೆಳಿಗ್ಗೆ 5ಕ್ಕೇ ಬೆಳಕು. ಅದಕ್ಕೇ ಹೇಳೋದು, ರಿಸಾರ್ಟ್ ಎಷ್ಟು ಸ್ಟಾರು, ಪೂಲ್ ಇದ್ಯಾ ಅಂತೆಲ್ಲ ನೋಡೋಕೆ ಮುಂಚೆ ಸೂರ್ಯನ ಟೈಮು ನೀರಿನ ಟೈಮು ಎರಡು ನೋಡಿ ದಿನ ಪ್ಲಾನ್ ಮಾಡಿ. ಎರಡನೇ ಸಲ ನಾವು ಹಾಗೆ ಮಾಡಿದ್ವಿ, ಅದೇ ಊರು ಬೇರೆ ಊರಿನ ಥರ ಕಾಣ್ತು.

ಹೆಸರಿನ ಗೊಂದಲ ಮೊದಲು ಬಗೆಹರಿಸಿಬಿಡ್ತೀನಿ. ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ್ ಅಂತ ಹೆಸರಿಟ್ರು, ಪಕ್ಕದ ನೀಲ್ ದ್ವೀಪ ಶಹೀದ್ ದ್ವೀಪ್ ಆಯ್ತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯ್ತು. ಟಿಕೆಟಲ್ಲಿ ಒಂದು ಹೆಸರು, ಆಟೋದವನ ಬಾಯಲ್ಲಿ ಇನ್ನೊಂದು, ಗಾಬರಿ ಆಗ್ಬೇಡಿ. ನಾನಿಲ್ಲಿ ಹಳೇ ಹೆಸರೇ ಬಳಸ್ತೀನಿ, ಬಾಯಿಗೆ ಅದೇ ಬರೋದು.

ಬೀಚುಗಳಿಗೆ ಅಲ್ಲಿ ನಂಬರ್ ಇದೆ. 1 ಅಂದ್ರೆ ಫೆರ್ರಿ ಬಂದು ನಿಲ್ಲೋ ಜೆಟ್ಟಿ, 3 ಗೋವಿಂದನಗರ, ಅಂಗಡಿ ಬಜಾರು ಎಲ್ಲ ಅಲ್ಲೇ, 5 ವಿಜಯನಗರ (ನಮ್ಮ ವಿಜಯನಗರ ಅಲ್ಲ), 7 ರಾಧಾನಗರ. ರಿಸಾರ್ಟುಗಳು ಜಾಸ್ತಿ ಇರೋದು 2, 3, 5ರ ಕಡೆ, ಅಂದ್ರೆ ಪೂರ್ವ ದಡದಲ್ಲಿ. ಫೋಟೋದಲ್ಲಿ ರೂಮಿನ ಮುಂದೇನೇ ಹಸಿರು ನೀಲಿ ನೀರು ಕಾಣತ್ತಲ್ಲ, ಅದು ಸುಳ್ಳಲ್ಲ, ಆದ್ರೆ ಉಬ್ಬರದ ಹೊತ್ತಲ್ಲಿ ತೆಗೆದಿದ್ದು. ಈ ದಡದಲ್ಲಿ ಆಳ ಕಮ್ಮಿ, ಇಳಿತ ಬಂದ್ರೆ ನೀರು ತುಂಬ ದೂರ ಹಿಂದೆ ಹೋಗಿಬಿಡತ್ತೆ, ಈಜೋಕೆ ಆಗಲ್ಲ, ನಡೆದುಕೊಂಡು ಹೋದ್ರೆ ಕಾಲು ಕುಯ್ಯತ್ತೆ. ರಾಧಾನಗರ ಪಶ್ಚಿಮಕ್ಕಿದೆ, ಅಲ್ಲಿ ಬರೀ ಮರಳು, ಇಳಿತ ಇದ್ರೂ ನೀರಿಗಿಳಿಬಹುದು.

ಉಬ್ಬರ ಇಳಿತ ಲೆಕ್ಕ ಹಾಕೋದು ಸುಲಭ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಮಧ್ಯೆ ಆರು ಗಂಟೆ ಮೇಲೆ ಸ್ವಲ್ಪ ಅಂತರ, ಮತ್ತೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ. ಇವತ್ತು ಬೆಳಿಗ್ಗೆ 7ಕ್ಕೆ ನೀರು ತುಂಬಿತ್ತು ಅಂದ್ರೆ ಮಧ್ಯಾಹ್ನ ಒಂದೂಕಾಲಿಗೆ ಖಾಲಿ, ನಾಳೆ ಏಳೂಮುಕ್ಕಾಲಿನ ಸುತ್ತ ಮತ್ತೆ ತುಂಬತ್ತೆ. ಮೊಬೈಲಲ್ಲಿ ಟೈಡ್ ಟೇಬಲ್ ಸಿಗತ್ತೆ, ಊರಲ್ಲಿರೋವಾಗಲೇ ಸ್ಕ್ರೀನ್‌ಶಾಟ್ ಹೊಡ್ಕೊಳ್ಳಿ, ಯಾಕಂದ್ರೆ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ್ಮೇಲೆ, ಅಂದ್ರೆ 2020ರಿಂದೀಚೆಗೆ, ನೆಟ್ ಎಷ್ಟೋ ವಾಸಿ ಆದ್ರೂ ಬೇಕಾದ ಹೊತ್ತಲ್ಲಿ ಕೈಕೊಡತ್ತೆ. ಅಥವಾ ರಿಸಾರ್ಟಿನ ತೋಟದ ಮಾಲಿನ ಕೇಳಿ. ರಿಸೆಪ್ಷನ್ನಲ್ಲಿ ಕೇಳ್ಬೇಡಿ, ಅಲ್ಲಿರೋ ಹುಡುಗ ಯಾವುದಕ್ಕೂ 'ಎನಿ ಟೈಮ್ ಮೇಡಂ' ಅಂತಾನೆ.

ಇನ್ನೊಂದು ವಿಷಯ, ಇದಕ್ಕೆ ಗೋಡೆ ಕ್ಯಾಲೆಂಡರ್ ಸಾಕು. ನಮ್ಮತ್ತೆ ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತ ಹಟ ಹಿಡಿದ್ರು, ಸರಿ ಅಂತ ಎರಡು ದಿನ ಮುಂಚೆ ಹೊರಟ್ವಿ, ಅಮಾವಾಸ್ಯೆಗೆ ಸರಿಯಾಗಿ ದ್ವೀಪದಲ್ಲಿದ್ವಿ, ಅದೇ ಲಾಭ ಆಯ್ತು. ಹುಣ್ಣಿಮೆ ಅಮಾವಾಸ್ಯೆ ಸುತ್ತಮುತ್ತ ನೀರು ಏರೋದೂ ಜಾಸ್ತಿ ಇಳಿಯೋದೂ ಜಾಸ್ತಿ, ಹೆಚ್ಚುಕಡಿಮೆ 2 ಮೀಟರ್ ವ್ಯತ್ಯಾಸ ಬರತ್ತೆ. ನೀಲ್ ದ್ವೀಪದಲ್ಲಿ ಲಕ್ಷ್ಮಣಪುರದ ಹತ್ರ ಕಲ್ಲಿನ ಸೇತುವೆ ಇದೆ, ನ್ಯಾಚುರಲ್ ಬ್ರಿಡ್ಜ್ ಅಂತಾರೆ, ಅಲ್ಲಿನ ಬಂಗಾಳಿಗಳು ಹೌರಾ ಬ್ರಿಡ್ಜ್ ಅಂತ ಕರೀತಾರೆ. ಅದನ್ನ ನೋಡೋಕೆ ಇಳಿತದಲ್ಲೇ ಹೋಗ್ಬೇಕು, ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಲ್ಲಿ ಸಣ್ಣ ಮೀನು, ಏಡಿ, ಸೌತೆಕಾಯಿ ಥರ ಬಿದ್ದಿರೋ ಸೀ ಕುಕುಂಬರ್ ಎಲ್ಲ ಕಾಣತ್ತೆ. ಉಬ್ಬರದಲ್ಲಿ ಹೋದ್ರೆ ದೂರದಿಂದ ಕೈ ಬೀಸಿ ಬರ್ಬೇಕು ಅಷ್ಟೇ. ಅಮಾವಾಸ್ಯೆಯ ಇನ್ನೊಂದು ಲಾಭ ರಾತ್ರಿ ಕಯಾಕಿಂಗ್. ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿರತ್ತೆ, ಹುಟ್ಟು ಹಾಕಿದಾಗ ನೀರು ಅಲುಗಾಡಿ ನೀಲಿಯಾಗಿ ಮಿಣಮಿಣ ಅನ್ನತ್ತೆ. ಬೆಳದಿಂಗಳಿದ್ರೆ ಇದು ಕಾಣೋದು ಕಷ್ಟ. ನಮ್ಮ ಕಾರವಾರ ಉಡುಪಿ ಕಡೆನೂ ಕೆಲವು ಸಲ ಅಲೆ ಹೀಗೆ ಹೊಳೆಯತ್ತೆ, ಆದ್ರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಕತ್ತಲಲ್ಲಿ ಸದ್ದಿಲ್ದೆ ದೋಣೀಲಿ ಕೂತು ನೋಡೋದಿದೆಯಲ್ಲ, ಮಗಳು ಕೈ ಅದ್ದಿ ಅದ್ದಿ ತೆಗೀತಿದ್ಲು, ಬಾಯಲ್ಲಿ ಮಾತೇ ಇಲ್ಲ. ಫೋನ್ ಕ್ಯಾಮೆರಾಗೆ ಸರಿಯಾಗಿ ಬರಲ್ಲ, ಒಳಗಿಟ್ಕೊಳ್ಳಿ.

ಸರಿ, ದಿನ ಹೇಗೆ ಕಳಿಬೇಕು ಅಂದ್ರೆ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅಲಾರ್ಮ್. ಬೈಕೋಬೇಡಿ. ಸ್ಕೂಟರ್ ಬಾಡಿಗೆಗೆ ಸಿಗತ್ತೆ, ಹಿಂದಿನ ಸಂಜೆನೇ ತಗೊಂಡಿಟ್ಟು ಬ್ರೇಕು ಲೈಟು ಚೆಕ್ ಮಾಡಿ, ಇರೋ ಗೀರುಗಳದ್ದೆಲ್ಲ ವೀಡಿಯೋ ಮಾಡ್ಕೊಳ್ಳಿ (ಯಾಕೆ ಅಂತ ಕೇಳ್ಬೇಡಿ, ಒಂದು ಗೀರಿಗೆ ನಾನು ಕೊಟ್ಟ ದುಡ್ಡಲ್ಲಿ ಒಳ್ಳೇ ಊಟ ಆಗ್ತಿತ್ತು). ಕಾಲಾ ಪತ್ಥರ್ ಬೀಚಲ್ಲಿ ಸೂರ್ಯೋದಯ ನೋಡಿ, ಅಲ್ಲೇ ಎಳನೀರು ಕುಡಿದು ಬಂದು ಸ್ಕೂಬಾನೋ (ಸಿಲಿಂಡರ್ ಹಾಕ್ಕೊಂಡು ನೀರೊಳಗೆ ಇಳಿಯೋದು) ಸ್ನಾರ್ಕೆಲಿಂಗೋ (ಕೊಳವೇಲಿ ಉಸಿರಾಡ್ತಾ ನೀರ ಮೇಲೆ ತೇಲೋದು) ಮಾಡಿ, ಸಾಮಾನ್ಯವಾಗಿ ಬೆಳಗಿನ ಹೊತ್ತು ಗಾಳಿ ಕಮ್ಮಿ, ನೀರು ತಿಳಿ. ಹನ್ನೊಂದರಿಂದ ಎರಡೂವರೆ ತನಕ ನೆರಳು, ಊಟ, ನಿದ್ದೆ. ರಿಸಾರ್ಟಿನ ದುಡ್ಡು ವಸೂಲಾಗೋದು ಈ ಹೊತ್ತಲ್ಲೇ, ತೆಂಗಿನ ಮರಕ್ಕೆ ಕಟ್ಟಿದ ಜೋಳಿಗೇಲಿ ಮಲ್ಕೊಂಡು ಏನೂ ಮಾಡ್ಬೇಡಿ, ತೆಂಗಿನಕಾಯಿ ಇಳಿಸಿದ್ದಾರಾ ಅಂತ ಮಾತ್ರ ಒಂದ್ಸಲ ಮೇಲೆ ನೋಡಿ. ಮೂರಕ್ಕೆಲ್ಲ ರಾಧಾನಗರಕ್ಕೆ ಹೊರಟುಬಿಡಿ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಬೆಸ್ಟ್ ಅಂದ ಬೀಚ್ ಇದು, ಆಮೇಲೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಕೂಡ ಸಿಕ್ತು. ಅದೇ ಪಟ್ಟೀಲಿ ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿನೂ ಇತ್ತು, ಅದನ್ನ ಅಲ್ಲಿ ಸಿಕ್ಕ ಗುಜರಾತಿ ಫ್ಯಾಮಿಲಿಗೆ ಹೇಳಿ ಸ್ವಲ್ಪ ಮೆರೆದೆ.

ರಾಧಾನಗರದಲ್ಲಿ ಅಲೆ ಇರತ್ತೆ, ಲೈಫ್‌ಗಾರ್ಡ್ ಕೆಂಪು ಬಾವುಟ ಹಾಕಿದ್ರೆ ಇಳೀಬೇಡಿ. ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆಗೇ ಜಗ್ಗಾಡ್ಬೇಡಿ, ಸುಸ್ತಾಗೋದು ಅಲ್ಲೇ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ಬಿಟ್ಮೇಲೆ ವಾಪಸ್ ಬನ್ನಿ, ಆಗಲ್ಲ ಅಂದ್ರೆ ತೇಲ್ತಾ ಕೈ ಎತ್ತಿ ಕೂಗಿ. ಮೊಸಳೆ ಬೋರ್ಡ್ ಇದ್ರೆ ತಮಾಷೆ ಅಂದ್ಕೋಬೇಡಿ, ಅಂಡಮಾನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅದರಲ್ಲೂ ಹಳ್ಳ ಬಂದು ಸಮುದ್ರ ಸೇರೋ ಕಡೆ ಹೋಗ್ಲೇಬೇಡಿ.

ಸ್ಕೂಬಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಜನ ಭಯ ಪಡೋದು ಇದಕ್ಕೇ, ಆದ್ರೆ ಭಯ ಪಡೋ ವಿಷಯಕ್ಕೆ ಬಿಟ್ಟು ಬೇರೆ ಎಲ್ಲದಕ್ಕೂ ಪಡ್ತಾರೆ. ಈಜು ಬರ್ಬೇಕಾಗಿಲ್ಲ, ಮೊದಲ ಸಲದವರ ಡೈವಲ್ಲಿ ಇನ್‌ಸ್ಟ್ರಕ್ಟರ್ ಹಿಡ್ಕೊಂಡೇ ಇರ್ತಾರೆ, 12 ಮೀಟರಿಗಿಂತ ಕೆಳಗೆ ಕರ್ಕೊಂಡು ಹೋಗಲ್ಲ. ಮಕ್ಕಳಿಗೆ 10 ವರ್ಷ ಆಗಿರ್ಬೇಕು. ಉಸಿರು ಹಿಡಿದುಕೊಳ್ಳಲೇಬಾರದು, ಬಾಯಲ್ಲಿ ನಿಧಾನಕ್ಕೆ ಎಳೀತಾ ಬಿಡ್ತಾ ಇರಿ. ಇಳಿಯುವಾಗ ಕಿವಿ ನೋಯೋಕೆ ಮುಂಚೆನೇ ಮೂಗು ಹಿಡಿದು ಮೆಲ್ಲಗೆ ಊದಿ, ನೋವು ಬಂದ್ಮೇಲೆ ಅಲ್ಲ. ನೆಗಡಿ ಇದ್ರೆ ಕಿವಿ ಬಿಡಲ್ಲ, ಡೈವ್ ಮುಂದಕ್ಕೆ ಹಾಕಿ. ಆಸ್ತಮಾ, ಹೃದಯದ ತೊಂದರೆ, ಬಿಪಿ ಇದ್ರೆ ಫಾರಂನಲ್ಲಿ ಮುಚ್ಚಿಡದೆ ಬರೀರಿ, ಡಾಕ್ಟರ್ ಸರಿ ಅಂದ್ರೆ ಮಾತ್ರ ಇಳೀರಿ. ಇನ್ನು ಸನ್ನೆ! ನೀರೊಳಗೆ ಹೆಬ್ಬೆರಳು ಎತ್ತಿದ್ರೆ ಸೂಪರ್ ಅಂತಲ್ಲ, ಮೇಲೆ ಹೋಗೋಣ ಅಂತ ಅರ್ಥ. ಸರಿಯಿದೆ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡ್ಬೇಕು. ನಮ್ಮ ಯಜಮಾನ್ರು ಹಳದಿ ಮೀನಿನ ಹಿಂಡು ನೋಡಿದ ಖುಷೀಲಿ ಎರಡೂ ಕೈಯಲ್ಲಿ ಥಮ್ಸಪ್ ತೋರಿಸಿದ್ರು, ಇನ್‌ಸ್ಟ್ರಕ್ಟರ್ ಪಾಪ ಏನೋ ಆಗಿದೆ ಅಂತ ಮೇಲಕ್ಕೆ ಕರ್ಕೊಂಡು ಬಂದುಬಿಟ್ಟ. ಇವತ್ತಿಗೂ ಮನೇಲಿ ಯಾರಾದ್ರೂ ಥಮ್ಸಪ್ ತೋರಿಸಿದ್ರೆ ಮಗಳು ಟೆರೇಸ್‌ಗೆ ಹೋಗ್ಬೇಕಾ ಅಂತ ಕೇಳ್ತಾಳೆ.

ಡೈವ್ ಆದ್ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, 24 ಗಂಟೆ ಬಿಟ್ರೆ ಇನ್ನೂ ಒಳ್ಳೇದು. ನೀರಿನ ಒತ್ತಡದಲ್ಲಿ ಮೈಯೊಳಗೆ ಕರಗಿರೋ ನೈಟ್ರೋಜನ್ ಎತ್ತರಕ್ಕೆ ಹೋದಾಗ ಗುಳ್ಳೆಯಾಗಬಹುದು, ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ. ಹಾಗಾಗಿ ಡೈವ್ ಅನ್ನ ಟ್ರಿಪ್ಪಿನ ಮೊದಲ ದಿನಗಳಿಗೆ ಹಾಕಿ. ಮುರುಡೇಶ್ವರದ ಹತ್ರ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡೋಕೆ ಹೋದೋರು ಬಸ್ಸಲ್ಲಿ ವಾಪಸ್ ಬರ್ತೀರ, ಹಾಗಾಗಿ ಈ ಲೆಕ್ಕ ಗೊತ್ತಿರಲ್ಲ.

ಡೈವ್ ಬೇಡ ಅನ್ನೋರಿಗೆ ಎಲಿಫೆಂಟ್ ಬೀಚ್. ಜೆಟ್ಟಿಯಿಂದ ಬೋಟಲ್ಲಿ ಅರ್ಧ ಗಂಟೆ ಒಳಗೆ ಹೋಗಬಹುದು, ದಡದ ಹತ್ರಾನೇ ಹವಳ. ಹಿಂದೆ ಮರ ಎಳೆಯೋ ಆನೆಗಳು ಈ ದ್ವೀಪದಲ್ಲಿ ಇದ್ವು. ಬೆಳಗಿನ ಮೊದಲ ಬೋಟಿಗೇ ಹೋಗಿ, ಹತ್ತರ ಮೇಲೆ ಅದು ಮೆಜೆಸ್ಟಿಕ್ ಆಗತ್ತೆ. ಪ್ಯಾಕೇಜಲ್ಲಿ ಸ್ನಾರ್ಕೆಲಿಂಗ್ ಫ್ರೀ ಅಂತಾರಲ್ಲ, ಅದು ತೇಲೋ ಟ್ಯೂಬ್ ಹಿಡ್ಕೊಂಡು ಕೆಲವೇ ನಿಮಿಷ, ಎಷ್ಟು ಹೊತ್ತು ಅಂತ ದುಡ್ಡು ಕೊಡೋಕೆ ಮುಂಚೆ ಕೇಳಿ. ಮುಖ ಕೆಳಗೆ ಮಾಡಿ ತೇಲ್ತೀರ, ಬಿಸಿಲು ಬೆನ್ನಿಗೆ, ಮಂಡಿ ಹಿಂದೆ ಹೊಡೆಯತ್ತೆ, ತುಂಬು ತೋಳಿನ ಟೀ ಶರ್ಟ್ ಹಾಕ್ಕೊಳ್ಳಿ. ಹವಳದ ಮೇಲೆ ನಿಲ್ಲಬೇಡಿ. ಕಲ್ಲಿನ ಥರ ಕಾಣತ್ತೆ ಆದ್ರೆ ಜೀವ ಅದು, ನಿಂತ್ರೆ ಸಾಯತ್ತೆ, ನಿಮ್ಮ ಕಾಲಿನ ಗಾಯನೂ ಬೇಗ ಮಾಯಲ್ಲ.

ಊಟ ಅಂದ್ರೆ, ದೇಶ ವಿಭಜನೆ ಆದ್ಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಊರು ಇದು, ಹಾಗಾಗಿ ಸಾಸಿವೆ ಅರೆದ ಮೀನಿನ ಸಾರು ಅನ್ನ ಬಜಾರಿನ ಸಣ್ಣ ಹೋಟೆಲಲ್ಲಿ ತಿನ್ನಿ, ರಿಸಾರ್ಟಿಗಿಂತ ರುಚಿ, ಬೆಲೆನೂ ಕಮ್ಮಿ. ಸಸ್ಯಾಹಾರಿಗಳಿಗೆ ಅನ್ನ ದಾಲು ಪಲ್ಯ ಸಿಗತ್ತೆ, ಮೂರನೇ ದಿನಕ್ಕೆ ಬೇಜಾರೂ ಆಗತ್ತೆ. ಅತ್ತೆ ತಂದಿದ್ದ ಚಟ್ನಿಪುಡಿ, ಕೋಡುಬಳೆ ನಮ್ಮನ್ನ ಕಾಪಾಡ್ತು. ಕೈಯಲ್ಲಿ ಕ್ಯಾಶ್ ಇರ್ಲಿ.

ಮರಳಿನ ನೊಣ ಅಂತ ಒಂದಿದೆ, ಕಚ್ಚಿದ್ದು ಗೊತ್ತೇ ಆಗಲ್ಲ, ಆಮೇಲೆ ವಾರಗಟ್ಲೆ ತುರಿಕೆ. ಮರಳ ಮೇಲೆ ಬರೀ ಮೈಯಲ್ಲಿ ಬಿದ್ಕೋಬೇಡಿ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ.

ಹೋಗೋದು ನವೆಂಬರಿಂದ ಏಪ್ರಿಲ್ ಒಳಗೆ. ಮಳೆಗಾಲದಲ್ಲಿ ಫೆರ್ರಿ ಯಾವಾಗ ಕ್ಯಾನ್ಸಲ್ ಆಗತ್ತೋ ಹೇಳೋಕಾಗಲ್ಲ. ಪೋರ್ಟ್ ಬ್ಲೇರಿಂದ ಖಾಸಗಿ ಫೆರ್ರಿ ಒಂದೂವರೆ ಎರಡು ಗಂಟೆ, ವಾಂತಿ ಆಗೋರು ಹತ್ತೋಕೆ ಅರ್ಧ ಗಂಟೆ ಮುಂಚೆನೇ ಮಾತ್ರೆ ತಗೊಳ್ಳಿ, ಗುರುತಿನ ಚೀಟಿ ಮರೀಬೇಡಿ. ವಾಪಸ್ ಬರೋ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರಿಗೆ ಬಂದುಬಿಡಿ, ಫೆರ್ರಿ ತಪ್ಪಿದ್ರೆ ವಿಮಾನನೂ ತಪ್ಪತ್ತೆ, ಡೈವ್ ಗಂಟೆ ಲೆಕ್ಕನೂ ಮುಗಿಯತ್ತೆ, ಸಂಜೆ ಸೆಲ್ಯುಲರ್ ಜೈಲ್ ನೋಡ್ಬಹುದು.

ಬ್ಯಾಗ್ ಕಟ್ಟೋವಾಗ ಮಕ್ಕಳ ಜೇಬು ನೋಡಿ, ಬೀಚಲ್ಲಿ ಆಯ್ದ ಹವಳದ ಚೂರು, ಕಪ್ಪೆಚಿಪ್ಪು, ಶಂಖ ಏನೂ ತರೋ ಹಾಗಿಲ್ಲ, ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಏರ್‌ಪೋರ್ಟ್ ಸ್ಕ್ಯಾನರಲ್ಲಿ ಸಿಕ್ಕಿಬೀಳ್ತೀರ. ನಾವು ಮಗಳ ಬ್ಯಾಗೆಲ್ಲ ಹುಡುಕಿ ಕ್ಲೀನ್ ಮಾಡಿ ಹೋಗಿದ್ವಿ. ಸಿಕ್ಕಿದ್ದು ಅತ್ತೆಯ ವ್ಯಾನಿಟಿ ಬ್ಯಾಗಲ್ಲಿ, ಕುಂಕುಮದ ಡಬ್ಬಿ ಪಕ್ಕ, ಕರ್ಚೀಫಲ್ಲಿ ಸುತ್ತಿಟ್ಟ ಒಂದು ಬಿಳೀ ಹವಳದ ಕೊಂಬೆ. "ದೇವರ ಮನೆಗೆ ಅಂತ ಇಟ್ಕೊಂಡಿದ್ದೆ ಕಣಪ್ಪಾ" ಅಂದ್ರು ಆ ಸೆಕ್ಯೂರಿಟಿ ಹುಡುಗನಿಗೆ, ಕನ್ನಡದಲ್ಲೇ. ಅವನು ಕೈ ಮುಗಿದು ಅದನ್ನ ತೆಗೆದು ಪಕ್ಕದ ಡಬ್ಬಕ್ಕೆ ಹಾಕಿದ.